ಮಿಶ್ರಿ ಡಬ್ಬಿಯೊಳಗಿನ ಟೋನರ್

ಕುಷ್ಟಗಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ಪಹಣಿ, ಜಾತಿ ಪ್ರಮಾಣಪತ್ರ, ದಾಳಿಂಬೆ ತೋಟದ ಅರ್ಜಿ ಎಂದು ಜನ ಬೆಳಿಗ್ಗೆಯಿಂದಲೇ ಬರುತ್ತಾರೆ. ಪ್ರಿಂಟರಿಗೆ ಬಿಡುವಿಲ್ಲ, ನನಗೂ ಇಲ್ಲ. ಕಾರ್ಟ್ರಿಜ್ ಮುಗಿದಾಗಲೆಲ್ಲ ಅದಕ್ಕೆ ಪುಡಿ ತುಂಬಿಸಬೇಕು. ತುಂಬುವ ಮೊದಲು ಅದರ ಹೊಟ್ಟೆಯಲ್ಲಿ ಉಳಿದ ಕೆಲಸಕ್ಕೆ ಬಾರದ ಕರಿ ಪುಡಿಯನ್ನು ಹೊರಗೆ ತೆಗೆಯಬೇಕು. ಮೊದಲೆಲ್ಲ ಅದನ್ನು ನಾನು ಮನೆಯ ಹಿಂದಿನ ಚರಂಡಿಗೆ ಸುರಿಯುತ್ತಿದ್ದೆ. ಹಳೆಯ ಕಾರ್ಟ್ರಿಜ್‌ಗಳನ್ನು ಕಸದ ಜೊತೆ ಸುಡುತ್ತಿದ್ದೆ. ಅದರ ಹೊಗೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರೆ, ಇವರದೇನು ನಾಜೂಕು ಎಂದು ನನಗೆ ಸಿಟ್ಟು ಬರುತ್ತಿತ್ತು.

ಆ ಚಾಳಿ ಬಿಡಿಸಿದವರು ಗಂಗಾವತಿಯ ಚಾಚಾ. ವಯಸ್ಸಾದವರು, ಸಣ್ಣ ವ್ಯಾನಿನಲ್ಲಿ ಊರೂರು ಸುತ್ತಿ ಪ್ರಿಂಟರ್ ರಿಪೇರಿ ಮಾಡುತ್ತಾರೆ. ಒಮ್ಮೆ ನಾನು ಪುಡಿ ಸುರಿಯುವುದನ್ನು ನೋಡಿ ಅಲ್ಲೇ ನಿಂತುಬಿಟ್ಟರು.

"ತಂಗೀ, ಅದು ಬೂದಿ ಅಲ್ಲವ್ವಾ, ಸಣ್ಣಗ ಬೀಸಿದ ಪ್ಲಾಸ್ಟಿಕ್. ನೀರಾಗ ಕರಗಂಗಿಲ್ಲ. ಗಾಳಿಗೆ ಹಾರಿದ್ರ ಮೂಗಿನಾಗ ಹೋಗತೈತಿ. ಒಂದು ಡಬ್ಬ್ಯಾಗ ತುಂಬಿ ಬಿಗಿ ಮುಚ್ಚಿ ಇಡು. ಖಾಲಿ ಕಾರ್ಟ್ರಿಜ್ ಜೋಡಿ ನಾ ಒಯ್ತೀನಿ. ಛಲೋ ಇದ್ದದ್ದು ತೊಳದು ಮತ್ತ ತುಂಬ್ತಾರ, ಕೆಟ್ಟದ್ದು ಅದಕ್ಕಂತನ ಇರೋ ಕಾರ್ಖಾನಿಗೆ ಹೋಗತೈತಿ."

ಹೀಗೆ ನಾನು ಜವಾಬ್ದಾರಿಯುಳ್ಳವಳಾದೆ. ಮನೆಯಲ್ಲಿ ಡಬ್ಬಿಗಳಿಗೇನೂ ಬರವಿರಲಿಲ್ಲ. ನನ್ನ ಅತ್ತೆಗೆ ಮಿಶ್ರಿಯ ಚಟ. ತಂಬಾಕನ್ನು ಹೆಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿ, ದಿನಕ್ಕೆ ನಾಲ್ಕೈದು ಸಲ ಹಲ್ಲಿಗೆ ತಿಕ್ಕಿ ಗೋಡೆಗೊರಗಿ ಕೂತರೆ ಅವರಿಗೆ ಲೋಕ ಬೇಡ. ಆ ಪುಡಿಯನ್ನು ಬಿಳಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಇಡುತ್ತಿದ್ದರು. ಅವೇ ಡಬ್ಬಿಗಳಲ್ಲಿ ಎರಡನ್ನು ತೊಳೆದು ನನ್ನ ಟೋನರ್ ಪುಡಿ ತುಂಬಿದೆ. ಮೇಲೆ ಚೆಂದದ ಅಕ್ಷರದಲ್ಲಿ 'ವೇಸ್ಟ್ ಟೋನರ್, ಮುಟ್ಟಬೇಡಿ' ಎಂದು ಪ್ರಿಂಟ್ ಹಾಕಿ ಅಂಟಿಸಿದೆ. ಪರದೆಯ ಪಕ್ಕದ, ಅತ್ತೆಯೂ ಒಮ್ಮೊಮ್ಮೆ ತಮ್ಮ ಡಬ್ಬಿ ಇಡುವ ಕಪಾಟಿನಲ್ಲಿ ಇಟ್ಟೆ. ನನ್ನ ಅಚ್ಚುಕಟ್ಟುತನವನ್ನು ನಾನೇ ಮೆಚ್ಚಿಕೊಂಡೆ.

ಎರಡು ವರ್ಷದ ಹಿಂದೆ ದಂತ ತಪಾಸಣೆಗೆ ಬಂದಿದ್ದ ಡಾಕ್ಟರು ಅತ್ತೆಯ ಗಲ್ಲದ ಒಳಗೆ ಬಿಳಿ ಕಲೆ ಇದೆ, ತಂಬಾಕು ಬಿಡಲೇಬೇಕು ಎಂದಿದ್ದರು. ಅಂದಿನಿಂದ ನಮ್ಮಿಬ್ಬರಿಗೂ ಅದೇ ಜಗಳ. "ನಿನ್ನ ಮಷಿನಿಗೆ ಕರಿ ಪುಡಿ ಬೇಕು, ನನಗ ಬ್ಯಾಡೇನು?" ಎಂದು ಅವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಈಚೆಗೆ ಒಂದು ದಿನ ಅಂಗಡಿಯಲ್ಲಿ ಗಿರಾಕಿಗಳೆದುರೇ ಒದರಿಬಿಟ್ಟೆ: "ಏನರ ಮಾಡ್ಕೋರಿ ಅತ್ತೀ, ನಾ ಇನ್ನ ಕೇಳಂಗಿಲ್ಲ." ಕೇಳಲೂ ಇಲ್ಲ. ಮಾತು ಉಳಿಸಿಕೊಳ್ಳುವುದರಲ್ಲಿ ನಾನು ಗಟ್ಟಿ.

ಮೊನ್ನೆ ಮಳೆಗಾಲ ಮುಗಿದ ಮೇಲೆ ಅತ್ತೆ ಆನೆಗೊಂದಿಯ ಮಗಳ ಮನೆಗೆ ಹೋದರು. ಹೋದ ನಾಲ್ಕನೆಯ ದಿನ ಬೆಳಿಗ್ಗೆ ಚಾಚಾ ಬಂದರು. ಖಾಲಿ ಕಾರ್ಟ್ರಿಜ್‌ಗಳನ್ನು ಚೀಲಕ್ಕೆ ತುಂಬಿ ಕೊಟ್ಟು, ಡಬ್ಬಿ ತರಲು ಕಪಾಟಿಗೆ ಹೋದೆ. ಒಂದೇ ಇತ್ತು. ಮೇಲೆ, ಕೆಳಗೆ, ಪೇಪರಿನ ರಿಮ್ಮಿನ ಹಿಂದೆ ಎಲ್ಲ ಹುಡುಕಿದೆ. ಆಮೇಲೆ ಅಡುಗೆಮನೆಯ ಗೂಡಿನಲ್ಲಿ ಅತ್ತೆಯ ಮಿಶ್ರಿ ಡಬ್ಬಿ ಕಂಡಿತು. ಅದು ತುಂಬಿತ್ತು. ಅದನ್ನು ಬಿಟ್ಟು ಅವರು ಎಲ್ಲಿಗೂ ಹೋಗುವವರಲ್ಲ. ಹಾಗಾದರೆ ಅವರು ಒಯ್ದದ್ದು ಯಾವುದು?

ನಾದಿನಿಗೆ ಫೋನ್ ಹಚ್ಚಿದೆ. ರಿಂಗಾಗಿ ನಿಂತಿತು. ಅವಳು ಬಾಳೆನಾರಿನ ಬುಟ್ಟಿ ಹೆಣೆಯುವ ಕೆಲಸಕ್ಕೆ ಹೋಗುತ್ತಾಳೆ, ಕೆಲಸದ ಹೊತ್ತಿನಲ್ಲಿ ಫೋನು ಚೀಲದಲ್ಲೇ ಇರುತ್ತದೆ. ಮತ್ತೆ ಹಚ್ಚಿದೆ, ಮತ್ತೆ ಹಚ್ಚಿದೆ. ಅತ್ತೆಯ ಹತ್ತಿರ ಫೋನೇ ಇಲ್ಲ. ಗಂಡ ಕೊಪ್ಪಳದ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದರು. ನಿಮ್ಮ ಅವ್ವನಿಗೆ ಪ್ರಿಂಟರಿನ ಕಸ ತಿನ್ನಿಸಿರಬಹುದು ಎಂದು ಅವರಿಗೆ ಯಾವ ಬಾಯಿಂದ ಹೇಳಲಿ? ಅವರಿಗೆ ಫೋನ್ ಮಾಡಲಿಲ್ಲ.

ಚಾಚಾ ಕೇಳಿ ಮುಖ ಸಣ್ಣ ಮಾಡಿದರು. "ನಡಿಯವ್ವಾ, ನಾ ಹೆಂಗೂ ಗಂಗಾವತಿಗೆ ಹೊಂಟೀನಿ. ಆನೆಗೊಂದಿ ತನಕ ಬಿಟ್ಟು ಬರ್ತೀನಿ" ಎಂದರು. ಅರ್ಜಿ ಹಿಡಿದು ನಿಂತಿದ್ದವರನ್ನು ನಾಳೆ ಬನ್ನಿ ಎಂದು ಕಳಿಸಿ ಶಟರ್ ಎಳೆದೆ.

ತಾವರಗೇರಾ ದಾಟಿತು. ಹಿಂದೆ ಚೀಲದಲ್ಲಿ ಖಾಲಿ ಕಾರ್ಟ್ರಿಜ್‌ಗಳು ರಸ್ತೆಯ ಪ್ರತಿ ಉಬ್ಬಿಗೂ ಲಟಲಟ ಅನ್ನುತ್ತಿದ್ದವು. ಮೂರು ದಿನ, ದಿನಕ್ಕೆ ನಾಲ್ಕೈದು ಸಲ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ, ಅರ್ಧಕ್ಕೆ ಬಿಟ್ಟು, ಮತ್ತೆ ಹಾಕುತ್ತಿದ್ದೆ. ಟೋನರ್ ಕೈಗೆ ಮೆತ್ತಿದರೆ ತಣ್ಣೀರಲ್ಲೇ ತೊಳೆಯಬೇಕು, ಬಿಸಿಗೆ ಮೆತ್ತಗಾಗಿ ಅಂಟುತ್ತದೆ ಎಂದು ಚಾಚಾ ಹಿಂದೆ ಹೇಳಿದ್ದರು. ಅತ್ತೆ ಮಿಶ್ರಿ ಆದ ಮೇಲೆ ಬಿಸಿ ಬಿಸಿ ಚಹಾ ಕುಡಿಯುತ್ತಾರೆ. ಅದು ನೆನಪಾದದ್ದೇ ಕೇಳಿದೆ.

"ಚಾಚಾ, ತಿಂದ್ರ ಏನಾಗತೈತ್ರಿ?"

"ನನಗ ಖರೇನ ಗೊತ್ತಿಲ್ಲವ್ವಾ. ಒಂದೀಟು ಹೋದ್ರ ಏನೂ ಆಗಂಗಿಲ್ಲ ಅಂತಾರ. ಡಾಕ್ಟರಿಗೆ ತೋರಿಸೋದ ಛಲೋ." ಆಮೇಲೆ ಕೇಳಿದರು, "ಡಬ್ಬಿಗೆ ಚೀಟಿ ಹಚ್ಚಿದ್ದಿಲ್ಲೇನು?"

"ಹಚ್ಚಿದ್ದೆರಿ. ದೊಡ್ಡ ಅಕ್ಷರದಾಗ."

"ಅವರಿಗೆ ಓದಾಕ ಬರತೈತೇನು?"

ನಾನು ಕಿಟಕಿಯ ಹೊರಗೆ ನೋಡಿದೆ. ಅತ್ತೆ ಹೆಬ್ಬೆಟ್ಟು ಒತ್ತುವವರು. ಅವರ ಪಿಂಚಣಿ ಅರ್ಜಿಯನ್ನು ತುಂಬಿದವಳು ನಾನೇ, ಹೆಬ್ಬೆರಳಿಗೆ ಶಾಯಿ ಹಚ್ಚಿದವಳೂ ನಾನೇ. ಹದಿನೈದು ವರ್ಷ ಒಂದೇ ಮನೆಯಲ್ಲಿದ್ದು, ಆ ಚೀಟಿಯನ್ನು ನಾನು ಯಾರಿಗಾಗಿ ಅಂಟಿಸಿದ್ದೆ?

ಗಂಗಾವತಿ ದಾಟಿದ ಮೇಲೆ ಗದ್ದೆ, ಬಾಳೆ ತೋಟ, ಬಂಡೆಗುಡ್ಡ. ಅಂಜನಾದ್ರಿ ಬೆಟ್ಟಕ್ಕೆ ಹೋಗುವ ಬಸ್ಸುಗಳು ರಸ್ತೆ ತುಂಬಾ ನಿಂತಿದ್ದವು. ಚಾಚಾ ಹಾರ್ನ್ ಮೇಲೆ ಹಾರ್ನ್ ಹಾಕಿದರು, ನಾನು ಎಲ್ಲರಿಗೂ ಮನಸ್ಸಿನಲ್ಲೇ ಶಾಪ ಹಾಕಿದೆ. ನಾದಿನಿಯ ಮನೆ ಮುಟ್ಟಿದಾಗ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದೆ.

ಅತ್ತೆ ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಯವ್ವಾ, ಏನು ಹಿಂಗ ಓಡಿ ಬಂದಿ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲ?"

"ಅತ್ತೀ, ಆ ಡಬ್ಬ್ಯಾಗಿನ ಪುಡಿ ತಿಕ್ಕೀರೇನ್ರಿ?"

ಅವರು ನಕ್ಕರು. ಸಿಕ್ಕಿಬಿದ್ದ ಕಳ್ಳಿಯನ್ನು ನೋಡುವ ನಗು ಅದು. "ತಿಕ್ಕಿದೆ, ಒಂದ ಸಲ. ಖಾರ ಇಲ್ಲ, ವಾಸನಿ ಇಲ್ಲ. ಬಾಯಾಗ ಇಟ್ಟಕೂಡ್ಲೆ ಗೊತ್ತಾತು. ಉಗುಳಿ ಬಾಯಿ ತೊಳಕೊಂಡೆ. ನಾ ಓದಿದಾಕಿ ಅಲ್ಲ ಅಂತ ದಡ್ಡಿ ಅಂತ ತಿಳದೀಯೇನು?"

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಒಂದೇ ಸಲ. ಉಗುಳಿದ್ದಾರೆ. ಅಷ್ಟು ಹೊತ್ತು ಹಿಡಿದಿದ್ದ ಅಳು ಆಗ ಬಂತು. ಅತ್ತೆ ಬೆಳ್ಳುಳ್ಳಿಯ ಮೊರ ಬದಿಗಿಟ್ಟು ಹತ್ತಿರ ಸರಿದರು.

"ಅಳಬ್ಯಾಡ. ನಾ ಸಿಟ್ಟಾಗಿಲ್ಲ. ಮದಲ ಸಿಟ್ಟು ಬಂತು, ಖರೇ. ಆಮ್ಯಾಲ ಮಗಳಿಗೆ ಹೇಳಿದೆ, ನನ್ನ ಸೊಸಿ ಬಾಯಿಲೆ ಹೇಳಿ ಸಾಕಾಗಿ ಡಬ್ಬಿನ ಬದಲ ಮಾಡ್ಯಾಳ ನೋಡು, ನಾ ಸತ್ತೇನು ಅಂತ ಆಕಿಗೆ ಅಂಜಿಕಿ ಐತಿ ಅಂತ. ಮೂರು ದಿನ ಆತು, ತಂಬಾಕ ಮುಟ್ಟಿಲ್ಲ. ತಲಿ ಸಿಡೀತೈತಿ, ಆದ್ರೂ ಮುಟ್ಟಿಲ್ಲ."

ಹೌದು ಎಂದುಬಿಡಬಹುದಿತ್ತು. ಅಂಥ ಆಸೆ ನನಗೆ ಬೇರೆ ಯಾವತ್ತೂ ಆಗಿರಲಿಲ್ಲ. ಆದರೆ ಬಾಯೊಳಗೆ ಹೋದದ್ದು ಏನೆಂದು ಡಾಕ್ಟರಿಗೆ ಹೇಳಬೇಕು, ಅತ್ತೆಯ ಎದುರಿಗೇ ಹೇಳಬೇಕು. ಹೊರಗೆ ವ್ಯಾನಿನಲ್ಲಿ ಚಾಚಾ ಕಾಯುತ್ತಿದ್ದರು. ಹೇಳಿದೆ. ಅದು ಪ್ರಿಂಟರಿನ ಕಸ, ಚಾಚಾಗೆ ಕೊಡಲು ಇಟ್ಟದ್ದು, ನಿಮ್ಮದೇ ಡಬ್ಬಿಯಲ್ಲಿ ತುಂಬಿದ್ದು ನನ್ನ ತಪ್ಪು ಎಂದೆ.

ಅತ್ತೆ ಕೈಯಲ್ಲಿದ್ದ ಬೆಳ್ಳುಳ್ಳಿಯ ಎಸಳನ್ನೇ ನೋಡಿದರು.

"ಹಂಗಾರ ನನ್ನ ಬಿಡಸಾಕ ಮಾಡಿದ್ದಲ್ಲ."

"ಅಲ್ರಿ ಅತ್ತೀ."

ಅವರು ಎದ್ದು ಒಳಗೆ ಹೋಗಿ ಡಬ್ಬಿ ತಂದು ನನ್ನ ಮುಂದಿಟ್ಟರು. "ತಗೋ. ಇದಕ್ಕ ಅಷ್ಟು ದೂರ ಬಂದೀದಿ" ಎಂದರು. ಡಬ್ಬಿಗಾಗಿ ಬರಲಿಲ್ಲ ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಆದರೂ ಸೀರೆ ಬದಲಿಸಿ ವ್ಯಾನಿನಲ್ಲಿ ನನ್ನ ಪಕ್ಕ ಕೂತರು. ಚಾಚಾ ಡಬ್ಬಿಯ ಮುಚ್ಚಳಕ್ಕೆ ಟೇಪ್ ಸುತ್ತಿ, ಖಾಲಿ ಕಾರ್ಟ್ರಿಜ್‌ಗಳ ಚೀಲದೊಳಗೆ ಇಟ್ಟರು.

ಗಂಗಾವತಿಯ ಡಾಕ್ಟರು ನಾನು ಹೇಳಿದ್ದನ್ನೆಲ್ಲ ಕೇಳಿ, ಒಂದು ಸಲ ಬಾಯಿಗಿಟ್ಟು ಉಗುಳಿದ್ದಕ್ಕೆ ಹೆದರುವುದು ಬೇಡ ಎಂದರು. ಬಾಯಿ ತೆರೆಸಿ ಬೆಳಕು ಬಿಟ್ಟು ನೋಡಿದರು. ತಂಬಾಕು ಬಿಟ್ಟು ಎಷ್ಟು ದಿನವಾಯಿತು ಎಂದು ಕೇಳಿದರು.

"ಮೂರು ದಿನಾರಿ."

"ಭಾಳ ಛಲೋ ಆತು. ಯಾರು ಬಿಡಿಸಿದ್ರು?"

ಅತ್ತೆ ನನ್ನ ಕಡೆ ನೋಡಲಿಲ್ಲ. "ಯಾರೂ ಬಿಡಿಸಿಲ್ರಿ. ಪುಡಿ ತಪ್ಪಿ ಬಂತು."

ಡಾಕ್ಟರು ನನ್ನನ್ನು ಹತ್ತಿರ ಕರೆದರು. ಗಲ್ಲವನ್ನು ಬೆರಳಿನಿಂದ ಹಿಗ್ಗಿಸಿ, "ಇಲ್ಲಿ ನೋಡ್ರಿ, ಇದು ದೊಡ್ಡದಾಗತೈತೇನಂತ ಮನ್ಯಾಗ ನೀವು ನೋಡ್ತಿರಬೇಕು" ಎಂದರು. ನಾನು ಬಗ್ಗಿ ನೋಡಿದೆ. ಹೆಬ್ಬೆರಳಿನ ಉಗುರಿನಷ್ಟು ಬಿಳಿ ಕಲೆ, ಅಂಚು ಒರಟಾಗಿತ್ತು. ಅದರ ಸಲುವಾಗಿ ನಾನು ಎರಡು ವರ್ಷ ಜಗಳವಾಡಿದ್ದೆ. ಅದನ್ನು ಕಣ್ಣಿಂದ ನೋಡಿದ್ದು ಅವತ್ತೇ ಮೊದಲು.