ನಡೆಯುವ ಯಂತ್ರದ ಮೇಲೆ ಕುಳಿತ ಅಜ್ಜಿ

“ಇದು ನಡಿಯಾ ಮಿಷನ್ನು ಕಣಜ್ಜಿ, ಕೂರಾಕಲ್ಲ. ಏಳು,” ಎಂದು ಕಾವಲುಗಾರ ಹೇಳುತ್ತಿದ್ದ. ಗುಂಡ್ಲುಪೇಟೆ ರಸ್ತೆಯ ನಮ್ಮ ಪಾರ್ಕಿನಲ್ಲಿ, ಹೊಸ ಜಿಮ್ಮಿನ ನಡೆಯುವ ಯಂತ್ರದ ಕಾಲುಮಣೆಯ ಮೇಲೆ ಅಜ್ಜಿಯೊಬ್ಬರು ಬಟ್ಟೆಗಂಟು ತಬ್ಬಿಕೊಂಡು ಕುಳಿತಿದ್ದರು. ಸಕ್ಕರೆ ಕಾಯಿಲೆಯವನಾದ ನಾನು ನನ್ನ ಸರದಿಗೆ ಕಾಯುತ್ತಿದ್ದೆ.

“ಅರವೆ ಊರಿಂದ ನಡ್ಕಂಡೇ ಬಂದಿವ್ನಿ ಕಣಪ್ಪ. ಮನೆಯಿಲ್ದೋರು ಮಲಗಕ್ಕೆ ಇಲ್ಲೊಂದು ಜಾಗ ಅದೆ ಅಂದ್ರು. ಬಂದ್ಮೇಲೂ ನಡೀಬೇಕಾ?” ಎಂದರು ಅಜ್ಜಿ.

ಕಾವಲುಗಾರ ನನ್ನ ಮುಖ ನೋಡಿದ. ಯಾರೋ ಅವರಿಗೆ ಹೇಳಿದ್ದು ಸುಳ್ಳಲ್ಲ. ವಸತಿರಹಿತರ ರಾತ್ರಿ ತಂಗುದಾಣ ಇದ್ದದ್ದು ಇದೇ ಜಾಗದಲ್ಲಿ. ಮಲಗಲು ಬರುವವರು ಕಡಿಮೆ, ವ್ಯಾಯಾಮಕ್ಕೆ ಬರುವವರು ಹೆಚ್ಚು ಎಂದು ನಗರಸಭೆಯಲ್ಲಿ ತೀರ್ಮಾನವಾಗಿ, ಕಳೆದ ವರ್ಷ ಅದನ್ನು ಕೆಡವಿ ಜಿಮ್ ಮಾಡಿದರು. ಬಡಾವಣೆಯವರೆಲ್ಲ ಸಂತೋಷಪಟ್ಟಿದ್ದೆವು.

ತಂಗುದಾಣ ಈಗಿಲ್ಲ ಎಂದು ನಾನೇ ಹೇಳಬೇಕಾಯಿತು. ಬೇರೆ ಎಲ್ಲಿದೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. “ಓಗ್ಲಿ ಬುಡು” ಎಂದು ಯಂತ್ರದ ಕಂಬಿ ಹಿಡಿದು ಎದ್ದು, ಗೇಟು ದಾಟಿ ಹೋದರು.

ಈಗಲೂ ದಿನಾ ಆ ಯಂತ್ರ ಹತ್ತುತ್ತೇನೆ. ಎಷ್ಟು ಕಾಲು ಬೀಸಿದರೂ ಇದ್ದಲ್ಲೇ ಇರುತ್ತೇನೆ. ಇಳಿದು ಮನೆಯ ದಾರಿ ಹಿಡಿಯುವಾಗ ಅಜ್ಜಿ ನೆನಪಾಗುತ್ತಾರೆ.