ಇಡೀ ತಾನಿನ ಮನೆತನ

ನಮ್ಮ ಅಪ್ಪನಿಗೆ ಬಟ್ಟೆಯನ್ನು ಬೇಕಾದಷ್ಟೇ ಕತ್ತರಿಸಿ ಕೊಂಡು ತರುವುದೆಂದರೆ ಆಗುತ್ತಿರಲಿಲ್ಲ. ದೀಪಾವಳಿಗೆ ಮೊದಲು ನಮ್ಮೂರು ತಿರ್ಲಾಪುರದಿಂದ ನವಲಗುಂದಕ್ಕೆ ಹೋಗಿ, ಇಡೀ ತಾನನ್ನು, ಸುರುಳಿಗೆ ಸುರುಳಿಯನ್ನೇ, ಹೆಗಲ ಮೇಲೆ ಹೊತ್ತು ತರುತ್ತಿದ್ದ. ಓಣಿಯ ಸಿಂಪಿಗ ನಮ್ಮ ಪಡಸಾಲೆಯಲ್ಲೇ ಮಶಿನ್ ಇಟ್ಟುಕೊಂಡು ಕೂತು, ಅಜ್ಜನ ಅಂಗಿಯಿಂದ ಹಿಡಿದು ನನ್ನ ಲಂಗ, ಅಂದರೆ ಪರಕಾರ, ಅದರ ಮೇಲಿನ ಪೋಲ್ಕಾದವರೆಗೆ ಎಲ್ಲವನ್ನೂ ಅದರಲ್ಲೇ ಹೊಲಿಯುತ್ತಿದ್ದ. ಉಳಿದದ್ದರಲ್ಲಿ ತಲೆದಿಂಬಿನ ಚೀಲ, ಅದರಲ್ಲೂ ಉಳಿದರೆ ಎತ್ತುಗಳ ಬೆನ್ನಿಗೆ ಜೂಲ. ಮಂದಿಯ ಮನೆಯ ಕೌದಿಗಳಲ್ಲಿ ನೂರು ತುಂಡು, ನೂರು ಬಣ್ಣ. ನಮ್ಮ ಕೌದಿಯಲ್ಲಿಯೂ ನೂರು ತುಂಡು, ಬಣ್ಣ ಮಾತ್ರ ಒಂದೇ. ಅವ್ವ ಅದನ್ನು ಅಷ್ಟು ಕಷ್ಟಪಟ್ಟು ಜೋಡಿಸುತ್ತಿದ್ದದ್ದು ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹೈಸ್ಕೂಲು ಸೇರಿದ್ದೆ. ಆಗ ನಮ್ಮ ಶಾಲೆಯಲ್ಲಿ ಸಮವಸ್ತ್ರದ ಕಟ್ಟುನಿಟ್ಟು ಇರಲಿಲ್ಲ. ಗೆಳತಿಯರು ಒಬ್ಬೊಬ್ಬರು ಒಂದೊಂದು ಬಣ್ಣ ತೊಟ್ಟು ಬಂದರೆ ನಾನು ಮಾತ್ರ ಅಣ್ಣನ ಅಂಗಿಯ, ಅಜ್ಜಿಯ ಕುಪ್ಪಸದ, ಎತ್ತಿನ ಜೂಲದ ಬಣ್ಣದಲ್ಲಿ ಹೋಗಬೇಕು. ನಮ್ಮ ಚಕ್ಕಡಿ ಶಾಲೆಯ ಮುಂದೆ ಹಾದರೆ ಸಾಕು, ಹುಡುಗಿಯರು ಎತ್ತುಗಳನ್ನು ತೋರಿಸಿ, "ನೋಡಬೇ, ನಿಮ್ಮ ಮನಿಯವ್ರು ಬಂದ್ರು" ಅನ್ನುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ನನ್ನದೇ ಅನ್ನುವ ಒಂದು ಪರಕಾರ ಬೇಕು, ಮನೆಯ ಬೇರೆ ಯಾವ ಜೀವವೂ ಅದೇ ಬಟ್ಟೆಯನ್ನು ತೊಟ್ಟಿರಬಾರದು. ನನಗೆ ಬೇಕಾಗಿದ್ದದ್ದು ಇಷ್ಟೇ.

ದೇವರೇ ಕಳಿಸಿದ ಹಾಗೆ ನಮ್ಮ ಮಾಸ್ತರರು ಒಂದು ದಿನ ಅಪ್ಪನಿಗೆ ಬುದ್ಧಿ ಹೇಳಿದರು. "ಮಕ್ಕಳು ಬೆಳ್ಯಾಕ ಹತ್ಯಾರ್ರಿ. ತಮ್ಮ ಅರಿವಿ ತಾವ ಆರಿಸ್ಲಿ ಬಿಡ್ರಿ." ಮಾಸ್ತರರ ಮಾತೆಂದರೆ ಅಪ್ಪನಿಗೆ ಮಠದ ಅಪ್ಪಣೆ ಇದ್ದ ಹಾಗೆ. ಆ ವರ್ಷ ನನ್ನನ್ನೂ ನವಲಗುಂದಕ್ಕೆ ಕರೆದುಕೊಂಡು ಹೋದ. ಅಂಗಡಿಯಲ್ಲಿ ಎಲ್ಲವನ್ನೂ ಕೆಡವಿಸಿ ನೋಡಿ, ನೀಲಿ ಬಟ್ಟೆಯ ಮೇಲೆ ಕೆಂಪು ಕೊಡೆಗಳಿದ್ದ ಒಂದನ್ನು ಆರಿಸಿದೆ. ಅಪ್ಪನ ಮುಖ ಹೆಮ್ಮೆಯಿಂದ ಅರಳಿತು. "ಮಗಳು ಆರಿಸ್ಯಾಳ್ರಿ," ಎಂದು ಅಂಗಡಿಯವನಿಗೆ ಹೇಳಿದ, "ಇಡೀ ತಾನ ಕಟ್ರಿ."

ಆ ದೀಪಾವಳಿಗೆ ನಮ್ಮ ಮನೆಯ ಮೇಲೆ ಕೊಡೆಗಳ ಮಳೆಯೇ ಸುರಿಯಿತು. ಹಣೆಗೆ ವಿಭೂತಿ ಬಳಿದುಕೊಂಡು, ಹುಟ್ಟಿದಾಗಿನಿಂದ ಬಿಳಿ ಬಿಟ್ಟು ಬೇರೆ ತೊಡದ ಅಜ್ಜ ಕೊಡೆಯ ಅಂಗಿಯಲ್ಲೇ ಮಠಕ್ಕೆ ಹೋದ. ಸ್ವಾಮಿಗಳು ಅವನನ್ನು ಬಹಳ ಹೊತ್ತು ನೋಡಿ, "ಏನ್ರಿ ಹಿರಿಯರ, ಈ ವರ್ಷ ಮಳಿ ಭಾಳ ಐತೇನು?" ಎಂದು ಕೇಳಿದರಂತೆ. ಅಜ್ಜ ಗಂಭೀರವಾಗಿ, "ಮೊಮ್ಮಗಳ ಆಯ್ಕೆರಿ" ಅಂದನಂತೆ.

ಮರುವರ್ಷ ನಾನು ಉಪಾಯ ಹೂಡಿದೆ. ಗಂಡಸರು ತೊಡಲಿಕ್ಕೇ ಆಗದಂಥದ್ದನ್ನು ಆರಿಸಿದರೆ ಅಪ್ಪ ತಾನಾಗಿಯೇ ನನ್ನೊಬ್ಬಳಿಗೆ ಕತ್ತರಿಸಿ ಕೊಡಿಸುತ್ತಾನೆ ಅನ್ನುವುದು ನನ್ನ ಲೆಕ್ಕ. ಗುಲಾಬಿ ಬಣ್ಣ, ಅದರ ಮೇಲೆ ಅಂಗೈಯಗಲದ ಹೂವು, ಹೂವಿಗೊಂದು ಚಿಟ್ಟೆ. ಅಣ್ಣನಿಗೆ ಆಗಷ್ಟೇ ಮೀಸೆ ಚಿಗುರಿ, ಅಣ್ಣಿಗೇರಿಯ ಕಾಲೇಜಿಗೆ ಹೋಗುತ್ತಿದ್ದ. ಈ ಸಲವೂ ಇಡೀ ತಾನೇ ಮನೆಗೆ ಬಂದದ್ದು ನೋಡಿ ಅವನು ಅಳುವುದೊಂದು ಬಾಕಿ. "ಅಪ್ಪಾ, ನನಗೊಬ್ಬಗ ಬ್ಯಾರೇದು ಕೊಡಸೋ" ಎಂದು ಅಂಗಲಾಚಿದ. ಅಪ್ಪ ಜಗ್ಗಲಿಲ್ಲ. "ತಂಗಿ ಆರಿಸ್ಯಾಳಂದ್ರ ತೊಡಬೇಕು. ಬೆಳ್ಯೂ ಹುಡುಗಿ, ಆಕೀ ಮನಸ್ಸು ಮುರೀಬಾರದು" ಅಂದ. ನನ್ನ ಮನಸ್ಸು ಮುರಿಯಬಾರದೆಂದು ಅಪ್ಪನೂ ಅದನ್ನೇ ತೊಟ್ಟು, ರುಮಾಲು ಸುತ್ತಿ, ಹತ್ತಿ ಹೇರಿದ ಚಕ್ಕಡಿ ಹೊಡೆದುಕೊಂಡು ಪ್ಯಾಟಿಗೆ ಹೋದ. ಮುಂದೆ ಎರಡು ಎತ್ತು, ಅವುಗಳ ಮೇಲೂ ಚಿಟ್ಟೆ. ನಾನು ಅಟ್ಟ ಹತ್ತಿ ಮುಖ ಮುಚ್ಚಿಕೊಂಡೆ.

ಕೊನೆಗೆ ಬಾಯಿ ಬಿಟ್ಟೆ. "ಅಪ್ಪಾ, ನನಗ ಒಬ್ಬಾಕಿಗೇ ಬೇಕು. ಬ್ಯಾರೆ ಯಾರಿಗೂ ಬ್ಯಾಡ."

ಅಪ್ಪ ಉಣ್ಣುತ್ತಿದ್ದವನು ಕೈ ನಿಲ್ಲಿಸಿದ. ಹೊಲದಲ್ಲಿ ಪಾಲು ಕೇಳಿದ್ದರೂ ಅವನು ಅಷ್ಟು ಬೆಚ್ಚುತ್ತಿರಲಿಲ್ಲ. "ಯಾಕ ಯವ್ವಾ, ನಾವೇನ್ ಮಾಡೀವಿ?" ಎಂದ. ಅಜ್ಜಿ ಒಳಗಿನಿಂದಲೇ, "ಊರಿಗೊಂದ್ ದಾರಿ ಆದ್ರ ಎಡವಟ್ಟಗೊಂದ್ ದಾರಿ" ಎಂದು ಗೊಣಗಿದಳು. ಅವ್ವ ಮಾತ್ರ ರೊಟ್ಟಿ ಬಡಿಯುತ್ತಲೇ, "ಕೇಳ್ಯಾಳಲ್ಲ, ಕೊಡಸ್ರಿ" ಅಂದಳು. ಆಮೇಲೆ ಅಪ್ಪ ಕಟ್‌ಪೀಸ್ ಅಂಗಡಿಯಲ್ಲಿ ಪರಕಾರಕ್ಕೂ ಪೋಲ್ಕಾಕ್ಕೂ ಸಾಕಾಗುವಷ್ಟು ಬಟ್ಟೆ ಕೊಡಿಸಿದ. ನೇರಳೆ ಬಣ್ಣ, ಸಣ್ಣ ಬಿಳಿ ಚುಕ್ಕಿ. ಸಿಂಪಿಗನೂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಉಳದದ್ದು ಎಲ್ಲಿ?" ಎಂದು ಕೇಳಿದ.

ಹೊಸ ಪರಕಾರ ತೊಟ್ಟು ಅಪ್ಪನ ಜೊತೆ ನವಲಗುಂದದ ಸಂತೆಗೆ ಹೋದೆ. ಯಾರ ಬಣ್ಣಕ್ಕೂ ಸೇರದೆ ನಡೆಯುವುದು ಅಗದಿ ಸುಖವಾಗಿತ್ತು. ಬಳೆ ನೋಡುತ್ತ ನಿಂತವಳು ತಲೆ ಎತ್ತಿದರೆ ಅಪ್ಪ ಇಲ್ಲ. ಗದ್ದಲದಲ್ಲಿ ಹುಡುಕಿ ಹುಡುಕಿ ಸಾಕಾಗಿ ಬಸ್ ನಿಲ್ದಾಣಕ್ಕೆ ಬಂದೆ. ಅವನು ಅಲ್ಲೇ ಇದ್ದ. ಆ ಗುಲಾಬಿ ಅಂಗಿ ಅರ್ಧ ಹರದಾರಿಯಿಂದಲೂ ಕಾಣುವಂಥದ್ದು. ಬಾಳೆಹಣ್ಣಿನ ಗಾಡಿಯವನ ಮುಂದೆ ನಿಂತು, ತನ್ನ ಅಂಗಿಯ ತುದಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಕೇಳುತ್ತಿದ್ದ: "ಹಿಂತಾ ಅರಿವಿ ತೊಟ್ಟ ಹುಡುಗಿ ಈ ಕಡೆ ಹಾದ್ಲೇನ್ರಿ?"

ಗಾಡಿಯವನು ಹೂವು, ಚಿಟ್ಟೆಗಳನ್ನು ನೋಡಿದ, ಅಪ್ಪನ ಮೀಸೆಯನ್ನು ನೋಡಿದ. "ಹಿಂತಾದ್ದನ್ನ ಹುಡುಗೀರೂ ತೊಡ್ತಾರೇನ್ರಿ ಕಾಕಾ?"

ನಾನು ಅಪ್ಪನ ಬೆನ್ನ ಹಿಂದೆಯೇ ಇದ್ದೆ. ಮೊದಲು ನಗು ಬಂತು. ಅಷ್ಟರಲ್ಲಿ ಅಪ್ಪ ತಿರುಗಿ, ನನ್ನ ಪಕ್ಕದಿಂದಲೇ ದಾಟಿಕೊಂಡು, ಒಬ್ಬ ಕಂಡಕ್ಟರನ ಮುಂದೆ ಮತ್ತೆ ಅಂಗಿಯ ತುದಿ ಹಿಡಿದು ನಿಂತ. ಅವನ ಕಣ್ಣು ಸಂತೆಯಲ್ಲೆಲ್ಲ ಹುಡುಕುತ್ತಿದ್ದದ್ದು ಗುಲಾಬಿ ಬಣ್ಣವನ್ನು. ನನಗೆ ಬೇಕಾದದ್ದು ಪೂರಾ ಸಿಕ್ಕಿತ್ತು. ನಮ್ಮ ಮನೆಯವಳೆಂದು ನನ್ನನ್ನು ಯಾರೂ ಗುರುತಿಸುವಂತಿರಲಿಲ್ಲ. ನನಗೆ ವಿಪರೀತ ಹೆದರಿಕೆಯಾಯಿತು.

"ಅಪ್ಪಾ!" ಎಂದು ಚೀರಿದೆ.

ಅವನು ಮೊದಲು ಪರಕಾರ ನೋಡಿದ, ಆಮೇಲೆ ಮುಖ. "ಎಲ್ಲಿ ಸತ್ತಿದ್ದಿ ಬೇ?" ಎಂದು ಗದರಿ, ಕಟ್ಟೆಯ ಮೇಲೆ ಕುಕ್ಕರಿಸಿ ಕಣ್ಣೊರೆಸಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ನನ್ನ ಪರಕಾರದ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದ. "ಚೊಲೋ ಐತಿ. ಇದರ ತಾನ ಎಲ್ಲರೆ ಸಿಗತೈತೇನು, ಕೇಳೂಣು ನಡಿ."

"ಬ್ಯಾಡಪ್ಪಾ" ಅಂದೆ. ಬಸ್ಸು ಬರುವವರೆಗೂ ಅವನ ಅಂಗಿಯ ತುದಿ ಹಿಡಿದುಕೊಂಡೇ ನಿಂತಿದ್ದೆ.