ಮಡ್ಡಿಗೆ ಮಲಗಲು ಬಂದವರು

ಹೋದ ಭಾನುವಾರ ಸಂಜೆ ನಾನು ನನ್ನ ಅಕ್ಕನ ಮಗಳ ಪ್ರೀ-ವೆಡ್ಡಿಂಗ್ ಫೋಟೋದ ನಡುವೆ ಹೋಗಿ ನಿಂತುಬಿಟ್ಟೆ.

ನಡುವೆ ಎಂದರೆ ಸರಿಯಾಗಿ ನಡುವೆ. ಆ ಕಡೆ ಕೆಂಪು ಗೌನಿನಲ್ಲಿ ಪೂರ್ಣಿಮಾ. ಈ ಕಡೆ ಬಿಳಿ ಸೂಟಿನಲ್ಲಿ ಅವಳನ್ನು ಮದುವೆಯಾಗಲಿರುವ ಪ್ರವೀಣ. ಮಧ್ಯದಲ್ಲಿ ಹಸಿರು ಟೋಪಿ ಹಾಕಿಕೊಂಡು, ಕಸ ತುಂಬಿದ ಗೋಣಿಚೀಲ ಹಿಡಿದ ನಾನು. ತಲೆಯ ಮೇಲೆ ಡ್ರೋನ್ ಗುಂಯ್ ಎನ್ನುತ್ತಿತ್ತು. ಫೋಟೋಗ್ರಾಫರ್ ದೂರದಿಂದ ಕೂಗಿದ: “ಅಕ್ಕಾರ, ಫ್ರೇಮ್ ಬಿಟ್ಟು ಹೊರಗ ಬರ್ರಿ!”

ನಾನು ಹೋಗಲಿಲ್ಲ.

ತಲೆಗಿಲೆ ಕೆಟ್ಟಿತ್ತೇ ಎಂದು ಕೇಳುತ್ತೀರಾ? ನನ್ನ ಅಕ್ಕ ಸ್ವಲ್ಪ ಹೊತ್ತಿನ ಮುಂಚೆಯೇ ಅದನ್ನು ಕೇಳಿದ್ದಳು. ಫೋನಿನಲ್ಲಿ. ಇನ್ನೂ ಸ್ವಲ್ಪ ಖಾರವಾಗಿ.

ಬಾಗೇವಾಡಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ ಎಂಬುದು ನಿಮಗೆ ಗೊತ್ತು. (ಡಾಕ್ಟರ ಚೀಟಿಯ ಜೊತೆಗೆ ಹೋದ ವಾರದ ಅಂಕಣದ ತಪ್ಪುಗಳನ್ನೂ ಕೌಂಟರಿನ ಮೇಲೆ ಇಡುವ ಓದುಗರು ನೀವು.) ಎರಡು ಚಳಿಗಾಲದಿಂದ ಭಾನುವಾರ ಸಂಜೆ ಆ ಅಂಗಡಿಯ ಬಾಗಿಲು ಹಾಕಿರುತ್ತದೆ. ಎಲ್ಲಿಗೆ ಹೋಗಿರುತ್ತೇನೆ ಎಂದು ಹಲವರು ಕೇಳಿದ್ದೀರಿ. ಇವತ್ತು ಹೇಳಿಬಿಡುತ್ತೇನೆ.

ಇಂಗಳೇಶ್ವರದ ದಾರಿಯಲ್ಲಿ ಒಂದಿಷ್ಟು ದೂರ ಹೋಗಿ ಒಳಗೆ ಹೊರಳಿದರೆ ಒಂದು ಮಡ್ಡಿ ಸಿಗುತ್ತದೆ. ಕಲ್ಲುನೆಲ. ನೇಗಿಲು ಕಂಡಿಲ್ಲ. ಎಲ್ಲಿ ನೋಡಿದರೂ ಮೊಣಕಾಲು ಮುಚ್ಚುವ ಹುಲ್ಲು. ಅದನ್ನು ಸಂರಕ್ಷಿತ ಹುಲ್ಲುಗಾವಲು ಎಂದು ಬೇಲಿ ಹಾಕಿ, ಬೋರ್ಡ್ ನೆಟ್ಟು ಉಳಿಸಿದ್ದಾರೆ. ನಾನು ಅಲ್ಲಿ ವಾಲಂಟಿಯರ್. ದೊಡ್ಡ ಹೆಸರು, ಸಣ್ಣ ಕೆಲಸ. ಹುಲ್ಲನ್ನು ನುಂಗುವ ಜಾಲಿಯ ಸಸಿ ಕೀಳುವುದು, ಬಾಟಲಿ ಆರಿಸುವುದು, ಸಂಜೆ ಯಾರೂ ಒಳಗೆ ಹೋಗದಂತೆ ನೋಡಿಕೊಳ್ಳುವುದು.

ನನ್ನನ್ನು ಅಲ್ಲಿಗೆ ಎಳೆದವಳು ರೇಷ್ಮಾ. ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಒಂದು ದಿನ ಅಂಗಡಿಗೆ ಬಂದು, “ಗುಳಿಗಿ ಹಾಕಿ ಕೊಡೋ ಸಣ್ಣ ಕವರ್ ಅದಾವೇನ್ರಿ? ಖಾಲೀವು” ಎಂದಳು. ಯಾಕೆ ಎಂದೆ. “ಗಿಡುಗ ಉಗುಳಿದ ಉಂಡಿ ತುಂಬಾಕ್ರಿ” ಎಂದಳು.

ಅಂಥ ಗಿರಾಕಿಯನ್ನು ಯಾರು ಬಿಡುತ್ತಾರೆ?

ಅವು ನಾವು ಊರ ಮೇಲೆ ನೋಡುವ ಗಿಡುಗಗಳಲ್ಲ. ಕನ್ನಡದಲ್ಲಿ ‘ಸೆಳೆವ’ ಎನ್ನುತ್ತಾರಂತೆ. ಗಂಡು ಬೂದಿ ಬಣ್ಣ, ರೆಕ್ಕೆಯ ತುದಿ ಮಸಿಯಲ್ಲಿ ಅದ್ದಿದಷ್ಟು ಕಪ್ಪು. ಹೆಣ್ಣು ಕಂದು. ಮುಖ ಸ್ವಲ್ಪ ಗೂಬೆಯ ಹಾಗೆ. ಕಜಕಸ್ತಾನದ ಕಡೆಯ ಬಯಲುಗಳಲ್ಲಿ ಹುಟ್ಟಿ, ಚಳಿಗಾಲಕ್ಕೆ ನಮ್ಮಲ್ಲಿಗೆ ಬರುತ್ತವೆ. ಹಗಲೆಲ್ಲ ನಮ್ಮ ತೊಗರಿ ಹೊಲಗಳ ಮೇಲೆ ಹಾರಾಡಿ ಮಿಡತೆ ಹಿಡಿಯುತ್ತವೆ. ಅರಗದ ಕಾಲು, ರೆಕ್ಕೆಗಳನ್ನು ಉಂಡೆ ಮಾಡಿ ಉಗುಳುತ್ತವೆ. ಆ ಉಂಡೆಯನ್ನು ಬಿಡಿಸಿದರೆ ಅವು ಏನು ತಿಂದವೆಂದು ತಿಳಿಯುತ್ತದೆ.

ಇಷ್ಟೇ ಆಗಿದ್ದರೆ ನಾನು ಕವರ್ ಕೊಟ್ಟು ಸುಮ್ಮನಾಗುತ್ತಿದ್ದೆ. ಆದರೆ ರೇಷ್ಮಾ ಇನ್ನೊಂದು ಮಾತು ಹೇಳಿದಳು. ಈ ಹಕ್ಕಿಗಳು ಮರದ ಮೇಲೆ ಮಲಗುವುದಿಲ್ಲ. ನೆಲದ ಮೇಲೆ ಮಲಗುತ್ತವೆ. ಹುಲ್ಲಿನೊಳಗೆ, ಒಂದರ ಹತ್ತಿರ ಒಂದು. ಸುತ್ತಲ ಎಷ್ಟೋ ಊರುಗಳ ಹೊಲಗಳಿಂದ ಸೂರ್ಯ ಮುಳುಗುವ ಹೊತ್ತಿಗೆ ಇದೊಂದು ಮಡ್ಡಿಗೆ ಬಂದು ಇಳಿಯುತ್ತವೆ.

ನೆಲದ ಮೇಲೆ ಮಲಗುವವರಿಗೆ ಎಲ್ಲದರ ಭಯ. ಹಿಂದಿನ ಚಳಿಗಾಲ ಯಾರೋ ಬೇಲಿಯ ಪಕ್ಕ ಬರ್ತ್‌ಡೇ ಪಾರ್ಟಿ ಮಾಡಿ ಪಟಾಕಿ ಹಚ್ಚಿದರು. ಹಕ್ಕಿಗಳು ಆ ಸಂಜೆ ಎದ್ದು ಹೋದವು. ಆ ವರ್ಷ ಮತ್ತೆ ಇಳಿಯಲಿಲ್ಲ. ನಾನು, ರೇಷ್ಮಾ ಎಷ್ಟೋ ಸಂಜೆ ಖಾಲಿ ಆಕಾಶ ನೋಡುತ್ತ ಕುಳಿತಿದ್ದೆವು.

ಈ ವರ್ಷ ಬಂದಿದ್ದವು.

ಭಾನುವಾರ ರೇಷ್ಮಾ ಸಂಬಂಧಿಕರ ಮನೆಯ ಕಾರ್ಯಕ್ಕೆಂದು ಇಂಡಿಗೆ ಹೋಗಿದ್ದಳು. “ಸಂಜೀಕ ಒಬ್ಬಾಕಿನs ನೋಡ್ಕೋತೀರೇನ್ರಿ?” ಎಂದಿದ್ದಳು. ಅದೇನು ಮಹಾ ಎಂದುಕೊಂಡಿದ್ದೆ. ಸಂಜೆ ಬಾಟಲಿ ಆರಿಸುತ್ತಿದ್ದಾಗ ಎರಡು ಕಾರು ಬಂದು ನಿಂತವು. ಕೆಂಪು ಗೌನು ಎತ್ತಿ ಹಿಡಿದುಕೊಂಡು ಇಳಿದವಳು ನಮ್ಮ ಪೂರ್ಣಿಮಾ!

“ಚಿಗವ್ವಾ! ಸರ್‌ಪ್ರೈಸ್!”

ನನ್ನ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಬಂಗಾರದ ಬಣ್ಣದ ಹುಲ್ಲು ನೋಡಿ ಲೊಕೇಶನ್ ಆರಿಸಿದ್ದಳಂತೆ. (ಸ್ಟೇಟಸ್ ಹಾಕುವವರೇ, ಎಚ್ಚರ.) ಹಿಂದಿನ ಕಾರಿನಿಂದ ಫೋಟೋಗ್ರಾಫರ್, ಪ್ರವೀಣ ಮತ್ತು ಪ್ರವೀಣನ ತಂದೆ ಶರಣಪ್ಪ ಇಳಿದರು. ಶರಣಪ್ಪ ಸಿಂದಗಿಯವರು. ಬೋರ್‌ವೆಲ್ ಕೊರೆಯುವ ಗಾಡಿ ಇಟ್ಟುಕೊಂಡವರು. ವರ್ಷಾನುಗಟ್ಟಲೆ ಮಷೀನಿನ ಸದ್ದನ್ನು ಮೀರಿಸಿ ಮಾತಾಡಿ ಅವರ ದನಿಗೆ ಸಣ್ಣಗಾಗುವುದೇ ಮರೆತಿದೆ. “ನಮಸ್ಕಾರ್ರೀ ಅಕ್ಕಾರ!” ಎಂದರು. ಮಡ್ಡಿ ಗದಗುಟ್ಟಿತು.

ನಾನು ಬೋರ್ಡ್ ತೋರಿಸಿದೆ. ಈ ಹೊತ್ತಿನಲ್ಲಿ ಒಳಗೆ ಬಿಡುವುದಿಲ್ಲ ಎಂದೆ. ಹೊಗೆ, ಡ್ರೋನ್ ಯಾವುದೂ ಬೇಡ ಎಂದೆ. ಬಣ್ಣದ ಹೊಗೆಯ ಡಬ್ಬಿಗಳನ್ನು ಪ್ರವೀಣ ತಾನಾಗಿಯೇ ಕಾರಿನಲ್ಲಿಟ್ಟ. ಒಣಹುಲ್ಲು ನೋಡಿ ಅವನಿಗೇ ದಿಗಿಲಾಗಿರಬೇಕು. ಫೋಟೋಗ್ರಾಫರ್ ಮಾತ್ರ ಕೇಳಲಿಲ್ಲ.

“ಹತ್ತ ಮಿನಿಟ್ ಅಷ್ಟ ಅಕ್ಕಾರ. ಸೂರ್ಯಾ ಮುಣಗೋ ಲೈಟ್ ಬೇಕು. ಅದಕ್ಕಂತs ಇಷ್ಟ ದೂರ ಬಂದೇವಿ.”

ತಮಾಷೆ ನೋಡಿ, ಹಕ್ಕಿಗಳೂ ಅದೇ ಬೆಳಕಿನ ಹೊತ್ತಿಗೇ ದೂರದಿಂದ ಬರುತ್ತವೆ.

ಪೂರ್ಣಿಮಾಳ ಮುಖ ಸಣ್ಣಗಾಯಿತು. “ಒಂದ ದಿನಾ ಚಿಗವ್ವಾ. ನನ್ನ ಸಲುವಾಗಿ” ಎಂದಳು. ಇವಳಿಗೆ ಎರಡು ಕಡೆ ಮಾತುಕತೆ ನಡೆದು ಮುರಿದಿತ್ತು. ಇದು ಮೂರನೆಯದು, ಇಬ್ಬರೂ ಮೆಚ್ಚಿ ಒಪ್ಪಿದ್ದು. ಅಷ್ಟರಲ್ಲಿ, ಯಾರು ಸುದ್ದಿ ಮುಟ್ಟಿಸಿದರೋ, ಅಕ್ಕನ ಫೋನ್.

“ಬೀಗರ ಮುಂದ ಮರ್ಯಾದಿ ಕಳೀಬ್ಯಾಡ. ಹಕ್ಕಿ ನಾಳಿನೂ ಬರ್ತಾವು. ಇಂಥ ಸಂಬಂಧ ನಾಳಿ ಬರ್ತೈತೇನು? ತಲಿ ಕೆಟ್ಟೈತೇನ ನಿಂದು?”

ಸುಳ್ಳು ಹೇಳುವುದಿಲ್ಲ. ನಾನು ಮೆತ್ತಗಾದೆ. ನನ್ನ ಕೈಯಲ್ಲಿ ಎತ್ತಿ ಆಡಿಸಿದ ಹುಡುಗಿ. ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.

ಡ್ರೋನ್ ಮೇಲೆ ಹೋಯಿತು. ಇಬ್ಬರೂ ಹುಲ್ಲಿನಲ್ಲಿ ಕೈ ಹಿಡಿದು ನಡೆದರು. ಗೌನಿನ ಉದ್ದ ಸೆರಗಿಗೆ ಹುಲ್ಲಿನ ಮುಳ್ಳು ಸಾಲುಸಾಲಾಗಿ ಚುಚ್ಚಿಕೊಂಡವು. ಆಗ ಪಶ್ಚಿಮದಿಂದ ಮೊದಲನೆಯ ಹಕ್ಕಿ ಬಂತು.

ಗಂಡು. ರೆಕ್ಕೆ ಬಡಿಯದೆ, ಹುಲ್ಲಿನ ತುದಿಗೆ ಎದೆ ತಾಗುವಷ್ಟು ಕೆಳಗೆ ತೇಲಿ ಬಂದು, ಡ್ರೋನಿನ ಸದ್ದಿಗೆ ತಟ್ಟನೆ ಮೇಲೆದ್ದಿತು. ಅದರ ಹಿಂದೆ ಎರಡು ಕಂದು ಹಕ್ಕಿ. ಆಮೇಲೆ ಒಮ್ಮೆಲೇ ಎಲ್ಲ ದಿಕ್ಕಿನಿಂದ ಬಂದವು. ಸುತ್ತತೊಡಗಿದವು. ಇಳಿಯಲು ಕಾಲು ಚಾಚುವವು, ಮತ್ತೆ ಏರುವವು. ಸುತ್ತು ಅಗಲವಾಗುತ್ತ ಹೋಯಿತು. ಹಿಂದಿನ ವರ್ಷವೂ ಹೀಗೇ ಆಗಿತ್ತು. ಸುತ್ತು ಅಗಲವಾಗಿ, ಅಗಲವಾಗಿ, ಕೊನೆಗೆ ಹೊರಟೇ ಹೋಗಿದ್ದವು.

ನನ್ನ ಕಾಲು ತಾವೇ ನಡೆದವು. ಹೋಗಿ ಇಬ್ಬರ ನಡುವೆ ನಿಂತೆ.

ಫೋಟೋಗ್ರಾಫರ್ ಕೂಗಿದ. ಪೂರ್ಣಿಮಾಳ ಕಣ್ಣಲ್ಲಿ ನೀರು ಬಂತು. ಶರಣಪ್ಪ ದಾಪುಗಾಲು ಹಾಕುತ್ತ ನನ್ನ ಕಡೆಗೇ ಬಂದರು. ಸಂಬಂಧ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಕತ್ತೆತ್ತಿ ಮೇಲೆ ನೋಡುತ್ತಿದ್ದರು.

“ಅವ್ಯಾಕ್ರಿ ಹಂಗ ತಿರಗಾಕತ್ತಾವು?”

“ಮಲಗಾಕ ಬಂದಾವ್ರಿ. ಇಲ್ಲೇ, ಈ ಹುಲ್ಲಿನಾಗ. ಡ್ರೋನ್ ಐತಲ್ರಿ, ಇಳಿವಲ್ಲವು.”

“ಎಲ್ಲೀವು?”

“ಕಜಕಸ್ತಾನದ ಕಡಿಂದ್ರಿ. ಹಿಮಾಲಯದ ಆ ಕಡಿ.”

“ಅಲ್ಲಿಂದ? ನಮ್ಮ ಮಡ್ಡಿಗೆ? ಮಲಗಾಕ?”

ಹೌದ್ರಿ ಎಂದೆ. ಅವರು ಸುತ್ತುವ ಹಕ್ಕಿಗಳ ಜೊತೆಗೇ ಕತ್ತು ತಿರುಗಿಸಿದರು. ಆಮೇಲೆ, “ನಾ ಗಾಡಿ ತಗೊಂಡು ರಾಜಸ್ಥಾನತನಾ ಹೋಗೇನ್ರಿ ಅಕ್ಕಾರ. ದಣದು ಬಂದಿರ್ತೀವಿ, ನಿಲ್ಲಾಕ ಜಾಗಾ ಸಿಗೂದಿಲ್ಲ. ಇಲ್ಲಿ ನಿಂತ್ರ ಪೋಲೀಸ್ರು ಮುಂದ ಹೋಗ್ ಅಂತಾರ, ಮುಂದ ಹೋದ್ರ ಊರ ಮಂದಿ ಹೊಡೀತಾರ. ಆ ದಣಿವು ಏನಂತ ನನಗ ಗೊತ್ತೈತಿ” ಎಂದರು.

ಮತ್ತೆ ಫೋಟೋಗ್ರಾಫರ್ ಕಡೆ ತಿರುಗಿ ತಮ್ಮ ಪೂರ್ತಿ ದನಿ ತೆಗೆದರು: “ಏ! ಇಳಸಲೇ ಅದನ್ನ!”

ಡ್ರೋನ್ ಇಳಿಯಿತು.

ಎಲ್ಲರನ್ನೂ ಬೇಲಿಯ ಬದಿಯ ಒಡ್ಡಿನ ಹಿಂದೆ ಕರೆತಂದು ಕೂರಿಸಿದೆ. ನನ್ನ ಬೂದುಬಣ್ಣದ ಶಾಲನ್ನು ಪೂರ್ಣಿಮಾಳ ಕೆಂಪಿನ ಮೇಲೆ ಹೊದಿಸಿದೆ. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಬರುತ್ತವೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಹಕ್ಕಿಗಳು ದೂರದಲ್ಲಿ ಚುಕ್ಕಿಗಳಾಗಿದ್ದವು.

ಸೂರ್ಯ ಮುಳುಗಿದ. ಹುಲ್ಲಿನ ಬಂಗಾರ ಹೋಗಿ ಬೂದಿ ಬಣ್ಣ ಬಂತು.

ಆಗ ತಿರುಗಿ ಬಂದವು.

ಏನೆಂದು ಹೇಳಲಿ? ಬಂದವು ಎಂದಷ್ಟೇ ಹೇಳಬಲ್ಲೆ. ನಮ್ಮ ತಲೆಯ ಮೇಲಿಂದಲೇ, ರೆಕ್ಕೆಯ ಗಾಳಿ ತಾಗುವಷ್ಟು ಹತ್ತಿರದಿಂದ, ಸದ್ದಿಲ್ಲದೆ. ಎಣಿಸಲು ಹೋದ ಪ್ರವೀಣ ಅರ್ಧಕ್ಕೇ ಕೈಬಿಟ್ಟ. ಒಂದು ಹುಲ್ಲಿನ ಮೇಲೆ ನಿಂತ ಹಾಗೆ ತೂಗಿ, ಕಾಲು ಇಳಿಬಿಟ್ಟು, ಮುಳುಗಿತು. ಹತ್ತಿರದಲ್ಲೇ ಇನ್ನೊಂದು. ಮೊದಲು ಇಳಿದ ಒಂದು ಹಕ್ಕಿಗೆ ಜಾಗ ಸರಿಬರಲಿಲ್ಲವೇನೋ, ಎದ್ದು ಎರಡು ಮಾರು ಪಕ್ಕಕ್ಕೆ ಸರಿದು ಮತ್ತೆ ಮಲಗಿತು. ಬಸ್ಸಿನಲ್ಲಿ ಸೀಟು ಸರಿಮಾಡಿಕೊಳ್ಳುವ ನಮ್ಮ ಹಾಗೆಯೇ! ಪೂರ್ಣಿಮಾ ಫಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. ಇನ್ನೊಂದು ಕೈ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿತ್ತು.

ಕೊನೆಯ ಹಕ್ಕಿಯೂ ಇಳಿಯಿತು. ಎದುರಿಗೆ ಬರೀ ಹುಲ್ಲು. ಒಂದು ರೆಕ್ಕೆಯೂ ಕಾಣದು. ಅಷ್ಟು ದೊಡ್ಡ ಬೇಟೆಹಕ್ಕಿಗಳು, ಅಷ್ಟು ದೇಶ ದಾಟಿ ಬಂದವು, ನಮ್ಮ ಕಣ್ಣೆದುರೇ ಮಲಗಿದ್ದವು. ದಾರಿಯಲ್ಲಿ ಹೋಗುವವರಿಗೆ ಅಲ್ಲಿ ಏನೂ ಇಲ್ಲ. ಎರಡು ಚಳಿಗಾಲ ನೋಡಿದ್ದೇನೆ. ಆದರೂ ನನ್ನ ಮೈಮೇಲೆ ಮುಳ್ಳೆದ್ದಿದ್ದವು.

ಯಾರೂ ಏಳಲಿಲ್ಲ. ಕೊನೆಗೆ ಶರಣಪ್ಪ ಎದ್ದರು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡರು. ಬಗ್ಗಿ ಎರಡೂ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಆ ಕಲ್ಲುನೆಲದ ಮೇಲೆ ಬರಿಗಾಲಲ್ಲಿ, ತುದಿಗಾಲಲ್ಲಿ, ಕಾರಿನವರೆಗೆ ನಡೆದರು. ಅವರ ಹಿಂದೆ ನಾವೆಲ್ಲ.

ಅಕ್ಕ ನಾಲ್ಕು ದಿನ ಮಾತು ಬಿಟ್ಟಳು. ಫೋಟೋ ಆಮೇಲೆ ಬೇರೆ ಕಡೆ ತೆಗೆಸಿದರು, ಚೆನ್ನಾಗಿಯೇ ಬಂದಿವೆ. ಮದುವೆ ನಿಶ್ಚಯವಾದ ದಿನವೇ ಇದೆ. ಶರಣಪ್ಪ ಬುಧವಾರ ಅಂಗಡಿಗೆ ಫೋನ್ ಮಾಡಿದ್ದರು. “ಅಕ್ಕಾರ, ಹಕ್ಕಿಗೋಳಿಗೆ ಒಂದ ಬೋರ್ ಹೊಡಸಲೇನ್ರಿ? ಫ್ರೀ!” ಎಂದರು. (ಮನುಷ್ಯನಿಗೆ ಭಕ್ತಿ ಬಂದರೂ ತನಗೆ ಬರುವ ಕೆಲಸವನ್ನೇ ಮಾಡಬೇಕು.) ಬೋರ್ ಬೇಡ, ಭಾನುವಾರ ಜಾಲಿ ಕೀಳಲು ಬನ್ನಿ ಎಂದಿದ್ದೇನೆ.

ಈಗ ನಿಮ್ಮನ್ನೊಂದು ಕೇಳುತ್ತೇನೆ. ನಿಮ್ಮ ಮನೆಯವರಲ್ಲದ ಯಾರೋ ನಿದ್ದೆ ಮಾಡುತ್ತಿದ್ದಾರೆಂದು ನೀವು ಕಾಲು ಮೆತ್ತಗೆ ಊರಿ ನಡೆದದ್ದು ಕೊನೆಯ ಸಲ ಯಾವಾಗ?